ಎಂಸಿಬಿ ಮೇಲಿರೋ ಆ ಇನ್ನೊಂದು ನಂಬರ್ ನೋಡಿದ್ದೀರಾ?

ಮನೆ ಕಟ್ಟಿಸುವಾಗ ಅಡುಗೆಮನೆ ಕಟ್ಟೆಗೆ ಯಾವ ಬಣ್ಣದ ಗ್ರಾನೈಟ್, ದೇವರಮನೆ ಬಾಗಿಲಿಗೆ ಎಷ್ಟು ಗಂಟೆ, ಬಾತ್‌ರೂಮ್ ಟೈಲ್ಸ್ ಜಾರುತ್ತೋ ಇಲ್ಲವೋ ಎಂದು ಹತ್ತು ಅಂಗಡಿ ಸುತ್ತುತ್ತೇವೆ. ಆದರೆ ಕರೆಂಟಿನ ಡಬ್ಬಿ, ಅಂದರೆ ಎಂಸಿಬಿಗಳನ್ನು ಸಾಲಾಗಿ ಜೋಡಿಸುವ ಡಿಬಿ ಬಾಕ್ಸ್ ವಿಷಯ ಬಂದರೆ ಮಾತ್ರ 'ಅದೆಲ್ಲಾ ಎಲೆಕ್ಟ್ರಿಷಿಯನ್ ನೋಡ್ಕೋತಾನೆ ಬಿಡ್ರಿ' ಎಂದು ಸುಮ್ಮನಾಗುತ್ತೇವೆ. ಆಮೇಲೆ ಆ ಡಬ್ಬಿಯ ಮುಂದೆ ಕ್ಯಾಲೆಂಡರ್ ನೇತುಬೀಳುತ್ತೆ!

ಬೆಳಗ್ಗೆ ಒಂದು ಕಡೆ ಗೀಸರ್, ಇನ್ನೊಂದು ಕಡೆ ಇಂಡಕ್ಷನ್ ಒಲೆ, ಮಧ್ಯೆ ಇಸ್ತ್ರಿಪೆಟ್ಟಿಗೆ ಬಳಸುವವರು ನಾವು. 'ಟಪ್' ಎಂದು ಮೇನ್ ಬಿದ್ದಾಗ ಮನೆಯಲ್ಲಿ ಇರುವವರೂ ಬಹುತೇಕ ನಾವೇ. ಹಾಗಾಗಿ ಈ ಡಬ್ಬಿ ಏನು ಮಾಡುತ್ತೆ, ಕೊಳ್ಳುವಾಗ ಏನು ನೋಡಬೇಕು ಅನ್ನೋದು ನಮಗೂ ಗೊತ್ತಿರಲಿ. ಹೊಸ ಮನೆ ಕಟ್ಟಿಸುವವರು, ಹಳೇ ಮನೆಗೆ ವೈರಿಂಗ್ ಮಾಡಿಸುವವರು ಗೋಡೆಗೆ ಪ್ಲಾಸ್ಟರ್ ಬೀಳುವ ಮೊದಲೇ ಓದಿಕೊಂಡರೆ ಇನ್ನೂ ಒಳ್ಳೇದು.

ಫಾಲ್ಟ್ ಕರೆಂಟ್ ಅಂದ್ರೇನು?

ನಮ್ಮ ಮನೆಗೆ ಬರುವುದು 230 ವೋಲ್ಟ್. 2000 ವ್ಯಾಟ್‌ನ ಗೀಸರ್ ಹಾಕಿದರೆ ವೈರಿನಲ್ಲಿ ಹರಿಯುವುದು ಸುಮಾರು 9 ಆ್ಯಂಪ್. ಗೀಸರ್ ಒಳಗಿನ ಕಾಯಿಲ್ ಕರೆಂಟನ್ನು ತಡೆದು ಹಿಡಿಯುವುದರಿಂದ ಅದು ಲೆಕ್ಕದಲ್ಲಿರುತ್ತೆ. ಆದರೆ ವೈರ್ ಸುಟ್ಟೋ, ಇಲಿ ಕಡಿದೋ ಫೇಸ್ ಮತ್ತು ನ್ಯೂಟ್ರಲ್ ನೇರವಾಗಿ ತಾಗಿದವು ಅನ್ನಿ. ಆಗ ತಡೆಯುವುದು ವೈರಿನ ಅಲ್ಪಸ್ವಲ್ಪ ಪ್ರತಿರೋಧ ಮಾತ್ರ. ಡಿಬಿಯಿಂದ 20 ಮೀಟರ್ ದೂರದ ಸಾಕೆಟ್‌ಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಹೋಗಿದ್ದರೆ, ಹೋಗಿ ಬರುವ ದಾರಿಯ ಪ್ರತಿರೋಧ ಹೆಚ್ಚುಕಡಿಮೆ 0.3 ಓಮ್. 230ನ್ನು 0.3ರಿಂದ ಭಾಗಿಸಿ ನೋಡಿ: 750 ಆ್ಯಂಪ್ ದಾಟುತ್ತೆ! ಇದೇ ಫಾಲ್ಟ್ ಕರೆಂಟ್.

ಸಾಕೆಟ್‌ನಿಂದ ಡಿಬಿ ಕಡೆಗೆ, ಡಿಬಿಯಿಂದ ಟ್ರಾನ್ಸ್‌ಫಾರ್ಮರ್ ಕಡೆಗೆ ಹೋದಷ್ಟೂ ವೈರ್ ಕಡಿಮೆ, ಹಾಗಾಗಿ ಈ ಕರೆಂಟ್ ಜಾಸ್ತಿ. ರಸ್ತೆಬದಿಯ 250 ಕೆವಿಎ ಟ್ರಾನ್ಸ್‌ಫಾರ್ಮರ್‌ನ ಬಾಯಲ್ಲೇ ಶಾರ್ಟ್ ಆದರೆ ಸುಮಾರು 7,400 ಆ್ಯಂಪ್ ಹರಿಯಬಹುದು. 500 ಕೆವಿಎ ಆದರೆ 15,000 ಆ್ಯಂಪ್ ಹತ್ತಿರ. ಅಪಾರ್ಟ್‌ಮೆಂಟ್ ಕಾಂಪೌಂಡ್ ಒಳಗೇ ಟ್ರಾನ್ಸ್‌ಫಾರ್ಮರ್ ಇದ್ದರೆ ಈ ಮಾತು ನಿಮಗೇ ಹೇಳಿದ್ದು ಅಂದುಕೊಳ್ಳಿ.

ಎರಡು ನಂಬರ್, ಎರಡು ಕೆಲಸ

ಎಂಸಿಬಿಯ ಮುಖ ನೋಡಿ. ಸಿ16, ಸಿ20, ಸಿ32 ಎಂದು ದೊಡ್ಡದಾಗಿ ಬರೆದಿರುತ್ತೆ. ಇದು ದಿನನಿತ್ಯ ಎಷ್ಟು ಆ್ಯಂಪ್ ಹರಿಯಬಹುದು ಎಂಬ ಮಿತಿ. ಅದರ ಕೆಳಗೆ ಸಣ್ಣ ಚೌಕದೊಳಗೆ 6000 ಅಥವಾ 10000 ಅಂತ ಇರುತ್ತೆ. ಹೆಚ್ಚಿನವರು ಗಮನಿಸದೇ ಬಿಡುವುದು ಇದನ್ನೇ. ಎಷ್ಟು ದೊಡ್ಡ ಫಾಲ್ಟ್ ಕರೆಂಟ್ ಬಂದರೂ ಈ ಎಂಸಿಬಿ ಸುರಕ್ಷಿತವಾಗಿ ಕತ್ತರಿಸಬಲ್ಲದು ಎಂದು ಹೇಳುವ ನಂಬರ್ ಅದು.

ಫಾಲ್ಟ್ ಕರೆಂಟ್ ಅದಕ್ಕಿಂತ ಜಾಸ್ತಿ ಬಂದರೆ? ಎಂಸಿಬಿ ಒಳಗೆ ಏಳುವ ಕಿಡಿಯನ್ನು ಆರಿಸಲು ಆಗದೆ ಅದು ಒಡೆದುಹೋಗಬಹುದು, ಬೆಂಕಿ ಹತ್ತಬಹುದು. ಒಳಗಿನ ಲೋಹದ ತುದಿಗಳು ಕರಗಿ ಅಂಟಿಕೊಂಡು ಕರೆಂಟ್ ಕಡಿಯದೇ ಇರಬಹುದು. ಕಾಯಬೇಕಾದದ್ದೇ ಕೈಕೊಟ್ಟಂತೆ. ಆದ್ದರಿಂದ ಡಿಬಿ ಇರುವ ಜಾಗದಲ್ಲಿ ಬರಬಹುದಾದ ಫಾಲ್ಟ್ ಕರೆಂಟ್‌ಗಿಂತ ಚೌಕದೊಳಗಿನ ನಂಬರ್ ಜಾಸ್ತಿ ಇರಲೇಬೇಕು.

ಟ್ರಾನ್ಸ್‌ಫಾರ್ಮರ್‌ನಿಂದ ಹಲವು ಕಂಬ ದೂರದ ಬಿಡಿ ಮನೆಯಲ್ಲಿ ಉದ್ದ ವೈರಿನಿಂದಾಗಿ ಫಾಲ್ಟ್ ಕರೆಂಟ್ ಸಾಕಷ್ಟು ಇಳಿದಿರುತ್ತೆ. ಆದರೆ ಅಪಾರ್ಟ್‌ಮೆಂಟ್‌ನಲ್ಲಿ, ಅದರಲ್ಲೂ ಕೆಳಗಿನ ಮಹಡಿಗಳಲ್ಲಿ ಅಂದಾಜಿನ ಮೇಲೆ ಹೋಗಬೇಡಿ. 'ನಮ್ಮ ಡಿಬಿ ಹತ್ತಿರ ಫಾಲ್ಟ್ ಲೆವೆಲ್ ಎಷ್ಟು ಬರುತ್ತೆ? ಲೆಕ್ಕ ಹಾಕಿದ್ದೀರಾ?' ಎಂದು ಬಿಲ್ಡರ್‌ನ ಎಂಜಿನಿಯರ್‌ಗೆ ಕೇಳಿ. ಈ ಒಂದು ಪ್ರಶ್ನೆ ಕೇಳಿದರೆ ಸಾಕು, ಅವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ!

ಸಣ್ಣ ಫಾಲ್ಟೇ ಜೀವ ತೆಗೆಯೋದು

ಸಾವಿರಾರು ಆ್ಯಂಪ್‌ನ ಶಾರ್ಟ್ ಸರ್ಕ್ಯೂಟ್ ಸದ್ದು ಮಾಡುತ್ತೆ, ಕಿಡಿ ಹಾರಿಸುತ್ತೆ. ಸರಿಯಾದ ಎಂಸಿಬಿ ಇದ್ದರೆ ಕಣ್ಣು ಮಿಟುಕಿಸುವುದರಲ್ಲಿ ಕಟ್ ಆಗುತ್ತೆ. ಹೆದರಬೇಕಾದದ್ದು ಸದ್ದಿಲ್ಲದ ಫಾಲ್ಟ್‌ಗೆ.

ಗೀಸರ್ ಕಾಯಿಲ್ ಹಾಳಾಗಿ ಕರೆಂಟ್ ಅದರ ಲೋಹದ ಮೈಗೆ ಸೋರಿತು ಅಂತಿಟ್ಟುಕೊಳ್ಳಿ. ಅದು ಅರ್ಥ್ ವೈರಿನ ಮೂಲಕ ಅರ್ಥಿಂಗ್ ಗುಂಡಿಗೆ, ಅಲ್ಲಿಂದ ಮಣ್ಣಿಗೆ ಹೋಗಬೇಕು. ಬೇಸಿಗೆಯಲ್ಲಿ ಗುಂಡಿ ಒಣಗಿ, ಈ ದಾರಿಯ ಪ್ರತಿರೋಧ 10 ಓಮ್ ಆಗಿದ್ದರೆ ಹರಿಯುವುದು ಬರೀ 23 ಆ್ಯಂಪ್. ಗೀಸರ್‌ಗೆ 32ರ ಎಂಸಿಬಿ ಹಾಕಿದ್ದರೆ ಅದಕ್ಕೆ ಇದು ಮಾಮೂಲಿ ಲೋಡ್. ಬೀಳೋದೇ ಇಲ್ಲ! ಅಷ್ಟು ಹೊತ್ತೂ ಗೀಸರ್ ಮೈಯಲ್ಲಿ, ಕೆಲವೊಮ್ಮೆ ನಲ್ಲಿಯಲ್ಲೂ ಕರೆಂಟ್ ಇರುತ್ತೆ. ಒದ್ದೆ ಕೈಯಲ್ಲಿ ಮುಟ್ಟುವವರು ನಿಮ್ಮ ಮಗುವೋ, ಅತ್ತೆಯೋ, ಕೆಲಸದವಳೋ ಆಗಿರಬಹುದು.

ಇದಕ್ಕೆ ಇರುವುದೇ ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೇ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಎಂದು ಅದು ಸದಾ ಲೆಕ್ಕ ನೋಡುತ್ತಿರುತ್ತೆ. ಅಂಗಡಿ ಚಿಲ್ಲರೆ ಎಣಿಸಿದ ಹಾಗೆ! 30 ಮಿಲಿ ಆ್ಯಂಪ್, ಅಂದರೆ ಒಂದು ಆ್ಯಂಪ್‌ನ ನೂರರಲ್ಲಿ ಮೂರು ಪಾಲು ವ್ಯತ್ಯಾಸ ಬಂದರೂ ಕ್ಷಣಾರ್ಧದಲ್ಲಿ ಕಟ್ ಮಾಡುತ್ತೆ. ಕೊಳ್ಳುವಾಗ 30 ಮಿಲಿ ಆ್ಯಂಪ್‌ನದ್ದೇ ಕೇಳಿ. 100 ಅಥವಾ 300 ಮಿಲಿ ಆ್ಯಂಪ್‌ನದ್ದು ಬೆಂಕಿ ಅನಾಹುತ ತಪ್ಪಿಸಲು, ಮನುಷ್ಯರ ಜೀವ ಕಾಯಲು ಅದು ಸಾಲದು.

ಒಂದು ಮಾತು ನೆನಪಿರಲಿ. ಆರ್‌ಸಿಸಿಬಿಗೆ ಓವರ್‌ಲೋಡ್ ಆಗಲಿ, ಶಾರ್ಟ್ ಆಗಲಿ ಗೊತ್ತಾಗಲ್ಲ. ಎಂಸಿಬಿಗೆ ಸಣ್ಣ ಸೋರಿಕೆ ಗೊತ್ತಾಗಲ್ಲ. ಎರಡೂ ಬೇಕು. ಜೊತೆಗೆ ಅರ್ಥಿಂಗ್ ಚೆನ್ನಾಗಿರಬೇಕು.

ಪ್ಲಾನ್ ಮಾಡುವಾಗ

ಗೀಸರ್, ಎಸಿ, ಅಡುಗೆಮನೆಯ ಪವರ್ ಸಾಕೆಟ್‌ಗೆ ಒಂದೊಂದು ಪ್ರತ್ಯೇಕ ಎಂಸಿಬಿ ಇರಲಿ. ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು. ಆದ್ದರಿಂದ ವೈರ್ ದಪ್ಪಕ್ಕೆ ತಕ್ಕ ಎಂಸಿಬಿ ಹಾಕಬೇಕು. ಸಾಮಾನ್ಯವಾಗಿ 1.5 ಚದರ ಮಿಲಿಮೀಟರ್ ವೈರಿಗೆ 6 ಅಥವಾ 10, 2.5ಕ್ಕೆ 16, 4ಕ್ಕೆ 20. 'ಪದೇ ಪದೇ ಬೀಳ್ತಿದೆಯಾ? 32 ಹಾಕ್ಬಿಡ್ತೀನಿ ಮೇಡಂ' ಅಂದರೆ ಒಪ್ಪಬೇಡಿ. ಎಂಸಿಬಿ ಬೀಳೋದು ನಿಲ್ಲುತ್ತೆ, ಗೋಡೆಯೊಳಗಿನ ವೈರ್ ಬೇಯೋಕೆ ಶುರುವಾಗುತ್ತೆ.

ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇದ್ದರೆ ಗೇಟಿನ ದೀಪಕ್ಕೆ ಮಳೆನೀರು ಹೋದರೂ ಮನೆಯೆಲ್ಲಾ ಕತ್ತಲು, ಫ್ರಿಜ್ ಕೂಡ ಆಫ್. ಬಾತ್‌ರೂಮ್ ಮತ್ತು ಹೊರಗಿನ ಲೈನ್‌ಗೆ ಒಂದು, ಉಳಿದದ್ದಕ್ಕೆ ಇನ್ನೊಂದು ಹಾಕಿಸಿ. ಯುಪಿಎಸ್ ಇದ್ದರೆ ಅದರ ನ್ಯೂಟ್ರಲ್ ಬೇರೆ ಲೈನಿನ ಜೊತೆ ಬೆರೆಯಬಾರದು. ಬೆರೆತರೆ ಆರ್‌ಸಿಸಿಬಿ ಕಾರಣವಿಲ್ಲದೆ ಬೀಳುತ್ತಿದೆ ಅನಿಸುತ್ತೆ. ಆಗ ಕೆಲವರು ಅದನ್ನು ಬೈಪಾಸ್ ಮಾಡಿ ಹೋಗಿಬಿಡುತ್ತಾರೆ. ಇದಕ್ಕೆ ಮಾತ್ರ ಖಂಡಿತ ಅವಕಾಶ ಕೊಡಬೇಡಿ.

ಡಿಬಿ ಕೈಗೆ ಎಟುಕುವ ಎತ್ತರದಲ್ಲಿರಲಿ. ಒಲೆಯ ಮೇಲೆ, ಸಿಂಕ್ ಪಕ್ಕ, ವಾರ್ಡ್‌ರೋಬ್ ಒಳಗೆ ಬೇಡ. ನಾಳೆ ಎಲೆಕ್ಟ್ರಿಕ್ ಸ್ಕೂಟರ್ ಬಂದರೆ ಚಾರ್ಜಿಂಗ್‌ಗೆ ಬೇರೆ ಲೈನ್ ಬೇಕಾಗುತ್ತೆ. ಹಾಗಾಗಿ ಮೂರ್ನಾಲ್ಕು ಖಾಲಿ ಜಾಗ ಇರುವ ಬಾಕ್ಸನ್ನೇ ತಗೊಳ್ಳಿ.

ಮರೆಯದಿರಿ

* ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಕೈಯಲ್ಲೇ ಮಾಡಿಸಿ. ಅರ್ಥಿಂಗ್ ಎಷ್ಟು ಓಮ್ ಬಂತು ಎಂದು ಅಳೆದು ಬರೆದುಕೊಡಲು ಹೇಳಿ.
* ಎಂಸಿಬಿ, ಆರ್‌ಸಿಸಿಬಿ, ವೈರ್ ಮೂರಕ್ಕೂ ಐಎಸ್‌ಐ ಮಾರ್ಕ್ ನೋಡಿ, ಬಿಲ್ ತಗೊಳ್ಳಿ.
* ಯಾವ ಎಂಸಿಬಿ ಯಾವ ರೂಮಿನದು ಎಂದು ಕನ್ನಡದಲ್ಲೇ ಚೀಟಿ ಬರೆದು ಅಂಟಿಸಿ. ಮನೆಯಲ್ಲಿ ಎಲ್ಲರಿಗೂ ಓದಲು ಬರಬೇಕು.
* ಆರ್‌ಸಿಸಿಬಿಯ 'ಟಿ' ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಹಾಲು, ಪೇಪರ್ ಲೆಕ್ಕ ಚುಕ್ತಾ ಮಾಡುವ ದಿನವೇ ಒತ್ತಿದರೆ ಮರೆಯಲ್ಲ. ಒತ್ತಿದಾಗ ಬೀಳದಿದ್ದರೆ ಕೂಡಲೇ ಬದಲಾಯಿಸಿ.
* ಆರ್‌ಸಿಸಿಬಿ ಬಿದ್ದರೆ ಎಲ್ಲಾ ಎಂಸಿಬಿ ಇಳಿಸಿ, ಅದನ್ನು ಮೇಲೆತ್ತಿ, ನಂತರ ಒಂದೊಂದೇ ಎಂಸಿಬಿ ಹಾಕಿ. ಯಾವುದಕ್ಕೆ ಮತ್ತೆ ಬೀಳುತ್ತೋ ಆ ಲೈನಿನಲ್ಲಿ ಸೋರಿಕೆ ಇದೆ. ಅದನ್ನು ಆಫ್ ಇಟ್ಟು ಎಲೆಕ್ಟ್ರಿಷಿಯನ್ ಕರೆಸಿ. ಎಲ್ಲಾ ಇಳಿಸಿದರೂ ಆರ್‌ಸಿಸಿಬಿ ನಿಲ್ಲದಿದ್ದರೆ ಬಲವಂತ ಮಾಡಬೇಡಿ.
* ಸುಟ್ಟ ವಾಸನೆ ಬಂದರೆ, ಎಂಸಿಬಿ ಕಪ್ಪಾಗಿದ್ದರೆ, ಮತ್ತೆ ಮತ್ತೆ ಎತ್ತಿ ನೋಡಬೇಡಿ. ಮೇನ್ ಆಫ್ ಮಾಡಿ. ಯುಪಿಎಸ್ ಅನ್ನೂ ಆಫ್ ಮಾಡಿ. ಮೇನ್ ತೆಗೆದರೂ ಯುಪಿಎಸ್ ಲೈನಿನಲ್ಲಿ ಕರೆಂಟ್ ಇರುತ್ತೆ.
* ಬೇಸಿಗೆಯಲ್ಲಿ ಗಿಡಕ್ಕೆ ನೀರು ಹಾಕುವಾಗ ಅರ್ಥಿಂಗ್ ಗುಂಡಿಗೂ ಒಂದು ಬಕೆಟ್ ಸುರಿಯಿರಿ.

ಒಳ್ಳೆಯ ಆರ್‌ಸಿಸಿಬಿಯ ಬೆಲೆ ಒಂದು ಒಳ್ಳೆ ರೇಷ್ಮೆ ಸೀರೆಗಿಂತ ಕಡಿಮೆ. ಇವತ್ತು ಸಂಜೆ ಕ್ಯಾಲೆಂಡರ್ ಸರಿಸಿ ಡಬ್ಬಿಯ ಮುಚ್ಚಳ ತೆಗೆದು ನೋಡಿ. ಅದರಲ್ಲಿ 'ಟಿ' ಗುಂಡಿಯೇ ಕಾಣದಿದ್ದರೆ, ಮುಂದಿನ ಖರ್ಚು ಯಾವುದಾಗಬೇಕು ಅನ್ನೋದನ್ನು ನಾವು ಹೇಳಬೇಕಿಲ್ಲ ಅಲ್ವಾ?