ಮೊಬೈಲ್ ರೀಚಾರ್ಜು: ಚೀಲದೊಳಗೇನಿದೆ ನೋಡಿ ಹಣ ಕೊಡಿ

ಗೊಬ್ಬರ ಕೊಳ್ಳುವಾಗ ನಮ್ಮ ರೈತರು ಚೀಲದ ಬಣ್ಣ ನೋಡಿ ಹಣ ಕೊಡುವುದಿಲ್ಲ. ಸಾರಜನಕ ಎಷ್ಟು, ರಂಜಕ ಎಷ್ಟು, ಪೊಟ್ಯಾಷ್ ಎಷ್ಟು, ತೂಕ ಎಷ್ಟು ಎಂದು ವಿಚಾರಿಸುತ್ತಾರೆ. ಆದರೆ ಮೊಬೈಲಿಗೆ ರೀಚಾರ್ಜು ಮಾಡಿಸುವಾಗ ಅಂಗಡಿಯವರು ಹೇಳಿದ ಮೊತ್ತವನ್ನು ಕೊಟ್ಟು ಬರುವುದು ವಾಡಿಕೆಯಾಗಿದೆ. ಅನಂತರ "ದರ ಏರಿತು, ನೆಟ್‌ವರ್ಕ್ ಮಾತ್ರ ಸಿಗುವುದಿಲ್ಲ" ಎಂದು ಬೇಸರಪಡುತ್ತೇವೆ.

ಕಾಫಿ, ಮೆಣಸಿನ ಧಾರಣೆ, ಹವಾಮಾನದ ಸುದ್ದಿ, ಬ್ಯಾಂಕಿನ ಓ.ಟಿ.ಪಿ., ಕುಯ್ಲಿನ ಕಾಲಕ್ಕೆ ಆಳುಗಳನ್ನು ಗೊತ್ತುಮಾಡುವುದು, ಇವೆಲ್ಲವೂ ಈಗ ಫೋನಿನ ಮೂಲಕವೇ ಆಗಬೇಕು. ಆದುದರಿಂದ ಈ ಖರ್ಚನ್ನು ತಪ್ಪಿಸಿಕೊಳ್ಳುವಂತಿಲ್ಲ. ಲೆಕ್ಕ ಹಾಕಿದರೆ ಕಡಿಮೆ ಮಾಡಿಕೊಳ್ಳಬಹುದು.

ದರವನ್ನು ಗೊತ್ತುಮಾಡುವವರು ಯಾರು?

ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ನಡೆದುದು 1995ರ ಜುಲೈ 31ರಂದು. ಆಗ ಬರುವ ಕರೆಗೂ ಹಣ ಕೊಡಬೇಕಾಗಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಪೈಪೋಟಿಯಿಂದ ಡೇಟಾ ದರ ಬಹಳ ಇಳಿಯಿತು. ಆ ಬಳಿಕ ಮತ್ತೆ ಏರತೊಡಗಿತು. ಜಿಯೋವಿನ ದಿನಕ್ಕೆ 1.5 ಜಿ.ಬಿ.ಯ 28 ದಿನಗಳ ಯೋಜನೆ 2019ರ ಡಿಸೆಂಬರಿನಲ್ಲಿ 199 ರೂ. ಇದ್ದುದು, 2021ರ ಡಿಸೆಂಬರಿನಲ್ಲಿ 239 ರೂ., 2024ರ ಜುಲೈಯಲ್ಲಿ 299 ರೂ. ಆಯಿತು. ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ಸಹ ಅದೇ ಸಮಯಗಳಲ್ಲಿ ದರ ಏರಿಸಿದವು.

1997ರಲ್ಲಿ ಸ್ಥಾಪನೆಯಾದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) ಈ ದರಗಳನ್ನು ಗೊತ್ತುಮಾಡುವುದಿಲ್ಲ. ಕಂಪನಿಗಳೇ ಗೊತ್ತುಮಾಡಿ, 7 ಕೆಲಸದ ದಿನಗಳೊಳಗೆ ಟ್ರಾಯ್‌ಗೆ ತಿಳಿಸಬೇಕು. ದರದಲ್ಲಿ ನೂರಕ್ಕೆ 18ರಂತೆ ಜಿ.ಎಸ್.ಟಿ.ಯೂ ಸೇರಿರುತ್ತದೆ; 299 ರೂ.ನಲ್ಲಿ ಸುಮಾರು 45 ರೂ. 60 ಪೈಸೆ ತೆರಿಗೆಯೇ.

28 ದಿನದ ತಿಂಗಳು

ಕ್ಯಾಲೆಂಡರಿನಲ್ಲಿ 12 ತಿಂಗಳು. 28 ದಿನದ ರೀಚಾರ್ಜಿನಲ್ಲಿ 13. ವರ್ಷಕ್ಕೆ 299 ರೂ. 13 ಸಲ ಕೊಟ್ಟರೆ 3,887 ರೂ. ಆಗುತ್ತದೆ. 2018ರಲ್ಲಿ ಯೂರಿಯಾ ಚೀಲವನ್ನು 50 ಕಿಲೋದಿಂದ 45 ಕಿಲೋಗೆ ಇಳಿಸಿದಾಗ ಚೀಲದ ಬೆಲೆಯನ್ನೂ ತೂಕಕ್ಕೆ ತಕ್ಕಂತೆ ಇಳಿಸಿದ್ದರು. ಇಲ್ಲಿ ಅಂತಹ ಹೋಲಿಕೆಯನ್ನು ನಾವೇ ಮಾಡಿಕೊಳ್ಳಬೇಕು. ಬಹಳ ದೂರು ಬಂದುದರಿಂದ, ಪ್ರತಿಯೊಂದು ಕಂಪನಿಯೂ 30 ದಿನಗಳ ಯೋಜನೆಯೊಂದನ್ನೂ, ಪ್ರತಿ ತಿಂಗಳು ಅದೇ ತಾರೀಕಿಗೆ ನವೀಕರಿಸುವ ಯೋಜನೆಯೊಂದನ್ನೂ ಇಡಬೇಕೆಂದು ಟ್ರಾಯ್ 2022ರ ಜನವರಿಯಲ್ಲಿ ಆಜ್ಞೆ ಮಾಡಿತು. ಅಂಗಡಿಯಲ್ಲಿ ಇದನ್ನು ಕೇಳಿ ಪಡೆಯಿರಿ. ಯಾವುದೇ ಯೋಜನೆಯ ಬೆಲೆಯನ್ನು ಅದರ ದಿನಗಳಿಂದ ಭಾಗಿಸಿ, ದಿನಕ್ಕೆ ಎಷ್ಟು ಬಿತ್ತು ಎಂದು ನೋಡುವುದೇ ಸರಿಯಾದ ತೂಕ.

ಎಲ್ಲರಿಗೂ ಡೇಟಾ ಬೇಕೇ?

ದಿನದ ಪಾಲಿನ ಡೇಟಾ ಸರದಿಯ ನೀರಿನಂತೆ. ಆ ದಿನ ಹಾಯಿಸದಿದ್ದರೆ ನಾಳೆಗೆ ಉಳಿಯುವುದಿಲ್ಲ. ಮನೆಯಲ್ಲಿರುವ ವೃದ್ಧರ ಕೀಪ್ಯಾಡ್ ಫೋನಿಗೂ, 4ಜಿ ಸಿಗದ ತೋಟದೊಳಗಿನ ಫೋನಿಗೂ ದಿನಕ್ಕೆ 1.5 ಜಿ.ಬಿ. ಹಾಕಿಸುವುದು, ನಾಟಿ ಮಾಡದ ಗದ್ದೆಗೆ ಗೊಬ್ಬರ ಚೆಲ್ಲಿದಂತೆ.

ಇಂಥವರ ಸಲುವಾಗಿ 2024ರ ಡಿಸೆಂಬರ್ 23ರಂದು ಟ್ರಾಯ್ ಹೊಸ ನಿಯಮ ಮಾಡಿತು. ಕರೆ ಮತ್ತು ಎಸ್.ಎಂ.ಎಸ್. ಮಾತ್ರ ಇರುವ ಯೋಜನೆಯೊಂದನ್ನಾದರೂ ಕಂಪನಿಗಳು ಇಡಲೇಬೇಕು. ಇಂತಹ ವೋಚರುಗಳ ಅವಧಿ 90 ದಿನಕ್ಕೆ ಬದಲಾಗಿ 365 ದಿನಗಳವರೆಗೆ ಇರಬಹುದು. ಅದರಂತೆ 2025ರ ಜನವರಿಯಲ್ಲಿ ಜಿಯೋ 84 ದಿನಕ್ಕೆ 448 ರೂ. ಮತ್ತು ಏರ್‌ಟೆಲ್ 84 ದಿನಕ್ಕೆ 469 ರೂ. ಯೋಜನೆಗಳನ್ನು ಹೊರಡಿಸಿದವು.

ಒಂದು ಲೆಕ್ಕ ನೋಡೋಣ. 299 ರೂ.ಯನ್ನು 84 ದಿನಗಳಲ್ಲಿ ಮೂರು ಸಲ ಕೊಟ್ಟರೆ 897 ರೂ. ಕರೆ ಮಾತ್ರದ ಯೋಜನೆಗೆ 448 ರೂ. ಫೋನೊಂದಕ್ಕೆ 449 ರೂ. ಉಳಿತಾಯ. ನಾಲ್ಕು ಫೋನುಗಳಿರುವ ಮನೆಯಲ್ಲಿ ಎರಡನ್ನು ಹೀಗೆ ಬದಲಾಯಿಸಿದರೆ 84 ದಿನಗಳಿಗೆ 898 ರೂ. ಉಳಿಯುವುದು. ದರಗಳು ಆಗಾಗ ಬದಲಾಗುವುದರಿಂದ ಆ ದಿನದ ದರವನ್ನು ವಿಚಾರಿಸಿಯೇ ಹಣ ಕೊಡಬೇಕು.

ಎಸ್.ಎಂ.ಎಸ್. ಬಗ್ಗೆ ಒಂದು ಮಾತು. ಬರುವ ಸಂದೇಶಕ್ಕೆ ಹಣವಿಲ್ಲ, ಕಳುಹಿಸುವುದಕ್ಕೆ ಮಿತಿಯುಂಟು. ದಿನದ ಡೇಟಾ ಇರುವ ಹೆಚ್ಚಿನ ಯೋಜನೆಗಳಲ್ಲಿ ದಿನಕ್ಕೆ 100 ಸಂದೇಶಗಳು. ಮೀರಿದರೆ ಒಂದೊಂದಕ್ಕೂ ಬೇರೆ ಹಣ. ಅಗ್ಗದ ಯೋಜನೆಗಳಲ್ಲಿ ಮಿತಿ ಇನ್ನೂ ಕಡಿಮೆ.

ಮಳೆಗಾಲದಲ್ಲಿ ಟವರು ನಿಂತರೆ

ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ತಂತಿ ಕಡಿಯುತ್ತದೆ. ಕರೆಂಟು ಹೋಗಿ, ಬ್ಯಾಟರಿ ಮುಗಿದು ಟವರು ನಿಲ್ಲುತ್ತದೆ. ರೀಚಾರ್ಜಿನ ದಿನಗಳು ಮಾತ್ರ ಓಡುತ್ತಲೇ ಇರುತ್ತವೆ. ಸಿಗ್ನಲ್ ಕೊರತೆ ನಮಗೆ ಹೊಸದಲ್ಲ. 2021ರಲ್ಲಿ ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನ ಶಿಕ್ಷಕರೊಬ್ಬರು ಆನ್‌ಲೈನ್ ಪಾಠಕ್ಕಾಗಿ ಮರದ ಮೇಲೆ ಅಟ್ಟಣೆ ಕಟ್ಟಬೇಕಾಯಿತು.

2024ರ ಸೇವಾ ಗುಣಮಟ್ಟದ ನಿಯಮದಂತೆ, ಜಿಲ್ಲೆಯ ಮಟ್ಟದಲ್ಲಿ ಸೇವೆ 24 ಗಂಟೆಗಿಂತ ಹೆಚ್ಚು ಕಾಲ ನಿಂತರೆ ಪ್ರೀಪೇಯ್ಡ್ ಗ್ರಾಹಕರಿಗೆ ಅಷ್ಟು ದಿನಗಳ ಅವಧಿಯನ್ನು ಹೆಚ್ಚಿಸಿ ಕೊಡಬೇಕು. ಆದರೆ ಎರಡು ಅಂಶಗಳನ್ನು ಮರೆಯಬಾರದು. ಪ್ರಕೃತಿ ವಿಕೋಪದಿಂದ ನಿಂತರೆ ಇದು ಅನ್ವಯಿಸದು. ಒಂದೇ ಊರಿನ ಒಂದು ಟವರು ನಿಂತರೂ ಅನ್ವಯಿಸದು. ಆದುದರಿಂದ ಒಂಟಿ ಟವರಿನ ತೊಂದರೆಗೆ ದೂರು ಕೊಡುವುದೇ ದಾರಿ.

ರೈತರು ಮಾಡಬೇಕಾದುವು

1. ಯಾವ ಕಂಪನಿಯ 4ಜಿ ನಿಮ್ಮ ಮನೆ, ಗದ್ದೆ, ತೋಟಗಳಲ್ಲಿ ಸಿಗುತ್ತದೆ ಎಂಬುದನ್ನು ಮೊದಲು ಪರೀಕ್ಷಿಸಿ. ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ವ್ಯಾಪ್ತಿಯ ನಕ್ಷೆ ಹಾಕಬೇಕು. ನೆರೆಯವರ ಫೋನಿನಲ್ಲಿ ನೋಡುವುದು ಇನ್ನೂ ಒಳ್ಳೆಯದು.

2. ಕಂಪನಿ ಬದಲಾಯಿಸಲು ನಂಬರು ಬಿಡಬೇಕಾಗಿಲ್ಲ. 'ಪೋರ್ಟ್' ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ ನಂಬರನ್ನು ಸೇರಿಸಿ 1900ಕ್ಕೆ ಸಂದೇಶ ಕಳುಹಿಸಿ. ಎಷ್ಟೇ ಅಗ್ಗದ ರೀಚಾರ್ಜಾದರೂ ಈ ಸಂದೇಶವನ್ನು ಕಂಪನಿ ತಡೆಯಬಾರದೆಂದು 2021ರ ಡಿಸೆಂಬರಿನಲ್ಲಿ ಟ್ರಾಯ್ ಆದೇಶಿಸಿದೆ. ಬದಲಾಯಿಸಿದರೆ ಹಳೆಯ ಸಿಮ್ಮಿನಲ್ಲಿ ಉಳಿದ ಹಣ ಹೋಗುತ್ತದೆ. ಆದುದರಿಂದ ಅವಧಿ ಮುಗಿಯುವ ಹೊತ್ತಿಗೆ ಮಾಡಿ. ಜಿಯೋ ಸಿಮ್ ಹಳೆಯ 2ಜಿ ಫೋನಿನಲ್ಲಿ ನಡೆಯದು ಎಂಬುದೂ ನೆನಪಿರಲಿ.

3. ತೊಂದರೆಯಾದರೆ 198ಕ್ಕೆ ಕರೆಮಾಡಿ ದೂರಿನ ನಂಬರನ್ನು ಬರೆದುಕೊಳ್ಳಿ. ಪರಿಹಾರ ಸಿಗದಿದ್ದರೆ 30 ದಿನಗಳೊಳಗೆ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಿರಿ, ಇದಕ್ಕೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ದೂರಸಂಪರ್ಕ ಸೇವೆಯೂ ಸೇರಿದೆ. ಮಡಿಕೇರಿಯಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು.

4. ಊರಿನವರು ಕೂಡಿ ಒಂದು ಪುಸ್ತಕವಿಡಿ. ಟವರು ನಿಂತ ತಾರೀಕು, ಗಂಟೆ, ದೂರಿನ ನಂಬರು ಇವನ್ನು ಅದರಲ್ಲಿ ಬರೆಯಿರಿ. ಮಳೆಗಾಲ ಕಳೆದ ಮೇಲೆ ಗ್ರಾಮಸಭೆಯಲ್ಲಿ ಇಟ್ಟು, ಪಂಚಾಯಿತಿಯ ಮೂಲಕ ಕಂಪನಿಗೂ ಜಿಲ್ಲಾಧಿಕಾರಿಗಳಿಗೂ ಕಳುಹಿಸಿ. ಬಾಯಿಮಾತಿನ ನೂರು ದೂರುಗಳಿಗಿಂತ ತಾರೀಕು ಸಹಿತವಾದ ಒಂದು ಪಟ್ಟಿಗೆ ಬೆಲೆ ಹೆಚ್ಚು.

ಮುಂದಿನ ರೀಚಾರ್ಜಿನ ಮೊದಲು ಮನೆಯ ಫೋನುಗಳನ್ನೆಲ್ಲ ಒಂದೆಡೆ ಇಟ್ಟು, ಯಾವುದಕ್ಕೆ ಡೇಟಾ ಬೇಕು, ಯಾವುದಕ್ಕೆ ಬೇಡ ಎಂದು ವಿಂಗಡಿಸಿರಿ. ಅರ್ಧ ಗಂಟೆಯ ಕೆಲಸ. ಅದರ ಲಾಭ ವರ್ಷಪೂರ್ತಿ ಇರುವುದು.