ಅಲೆಗಳ ಮೇಲೆ ಸ್ವಂತ ಪಯಣ

ಪಾಪುವಾ ನ್ಯೂಗಿನಿಗೆ ಸೇರಿದ ಬೊಗೆನ್‌ವಿಲ್ ದ್ವೀಪದ ಈಶಾನ್ಯಕ್ಕೆ, ಸುಮಾರು 86 ಕಿಲೋಮೀಟರ್ ದೂರದಲ್ಲಿ ಕಾರ್ಟರೆಟ್ ದ್ವೀಪಗಳಿವೆ. ಹವಳದ ದಿಬ್ಬಗಳ ಮೇಲೆ ನಿಂತ ಈ ಪುಟ್ಟ ನೆಲದ ಅತಿ ಎತ್ತರದ ಭಾಗವೂ ಸಮುದ್ರಮಟ್ಟಕ್ಕಿಂತ ಸುಮಾರು ಒಂದೂವರೆ ಮೀಟರ್ ಮಾತ್ರ ಮೇಲಿದೆ. ಅಲ್ಲಿನ ಹುಯೆನೆ ಎಂಬ ದ್ವೀಪವನ್ನು ಕಡಲು ಈಗಾಗಲೇ ಎರಡಾಗಿ ಸೀಳಿದೆ.

ಇಲ್ಲಿಯವರು ಕಡಲಿಗೆ ಸುಮ್ಮನೆ ಶರಣಾದವರಲ್ಲ. ಕಲ್ಲು, ದೊಡ್ಡ ಚಿಪ್ಪುಗಳಿಂದ ತಡೆಗೋಡೆ ಕಟ್ಟಿದರು. ದಡದುದ್ದಕ್ಕೂ ಕಾಂಡ್ಲಾ ಸಸಿಗಳನ್ನು ನೆಟ್ಟರು. ಕಾಂಡ್ಲಾದ ಹೆಣೆದ ಬೇರುಗಳು ಅಲೆಯ ಬಿರುಸನ್ನು ತಗ್ಗಿಸಿ, ಮಣ್ಣನ್ನು ಹಿಡಿದಿಟ್ಟು, ಮೀನುಮರಿಗಳಿಗೆ ಆಸರೆಯಾಗುತ್ತವೆ. ಹವಳದ ದಂಡೆಯೂ ಅಂಥದೇ ಒಂದು ಜೀವಂತ ಕೋಟೆ. ಆದರೆ ಉಪ್ಪುನೀರು ನೆಲದಡಿಯ ಸಿಹಿನೀರಿಗೆ ಬೆರೆತಾಗ, ತಲೆಮಾರುಗಳಿಂದ ಅನ್ನ ನೀಡಿದ ಕೆಸುವಿನ ಗದ್ದೆಗಳು ಹಾಳಾದವು. ಮರಗಳು ಅಲೆಯನ್ನು ತಡೆಯಬಲ್ಲವು, ಏರುವ ನೀರಿನ ಮಟ್ಟವನ್ನಲ್ಲ ಎಂಬ ಸತ್ಯವನ್ನು ಹಿರಿಯರು ಒಪ್ಪಿಕೊಂಡರು.

2006ರಲ್ಲಿ ಹಿರಿಯರ ಮಂಡಳಿಯು 'ತುಲೆಲೆ ಪೇಸಾ' ಎಂಬ ಸಂಸ್ಥೆಯನ್ನು ಹುಟ್ಟುಹಾಕಿತು. 'ನಮ್ಮ ಬಲದಿಂದಲೇ ಅಲೆಗಳ ಮೇಲೆ ಸಾಗುವುದು' ಎಂಬುದು ಆ ಹೆಸರಿನ ಅರ್ಥ. ಅದರ ನೇತೃತ್ವ ವಹಿಸಿದವರು ದ್ವೀಪದ ಮಗಳೇ ಆದ ಉರ್ಸುಲಾ ರಾಕೋವಾ. ಹೊಸ ನೆಲ ಎಲ್ಲಿಂದ ಬಂದೀತು? ಪಾಪುವಾ ನ್ಯೂಗಿನಿಯಲ್ಲಿ ಬಹುಪಾಲು ಭೂಮಿ ಕುಲಗಳ ಪರಂಪರಾಗತ ಸ್ವತ್ತು. ಆಗ ಕಥೋಲಿಕ ಧರ್ಮಸಭೆಯು ಬೊಗೆನ್‌ವಿಲ್‌ನ ಟಿನ್‌ಪುಟ್ಸ್ ಮೊದಲಾದೆಡೆಯ ತನ್ನ ಜಮೀನನ್ನು ಬಿಟ್ಟುಕೊಟ್ಟಿತು. 2009ರಲ್ಲಿ ಮೊದಲ ಕುಟುಂಬಗಳ ತಂದೆಯರು ಅಲ್ಲಿಗೆ ತೆರಳಿ ಮನೆ ಕಟ್ಟಿದರು, ತೋಟ ಮಾಡಿದರು. ಇಂದು ಕೋಕೋ ಬೆಳೆಯುವುದು ಅವರ ಜೀವನೋಪಾಯಗಳಲ್ಲೊಂದು.

ಇಲ್ಲಿಯೇ ನೋವಿನ ಎಳೆಯೂ ಇದೆ. ಕಾರ್ಟರೆಟ್‌ನಲ್ಲಿ ಭೂಮಿ ತಾಯಿಯಿಂದ ಮಗಳಿಗೆ ಬರುತ್ತದೆ. ನೆಲ ಮುಳುಗಿದರೆ ಮುಳುಗುವುದು ತಾಯಂದಿರ ಬಳುವಳಿ. ಹಿರಿಯರ ಸಮಾಧಿಗಳೂ ಅಲ್ಲಿಯೇ ಉಳಿಯುತ್ತವೆ. ಆದ್ದರಿಂದಲೇ ಅನೇಕರು ಇನ್ನೂ ದ್ವೀಪವನ್ನು ಬಿಟ್ಟಿಲ್ಲ. ಹೊರಟವರೂ ತಮ್ಮ ಕಡಲಿನ ಮೇಲಿನ ಹಕ್ಕನ್ನು ತೊರೆಯಲೊಪ್ಪದೆ, ಆ ಹವಳದ ದಂಡೆಯನ್ನು ಕಾಯಬೇಕೆನ್ನುತ್ತಾರೆ.

ಲೋಕವನ್ನು ಬಿಸಿ ಮಾಡಿದ ಹೊಗೆಯಲ್ಲಿ ಈ ಜನರ ಪಾಲು ಅತ್ಯಲ್ಪ. 2015ರಲ್ಲಿ ಪೋಪ್ ಫ್ರಾನ್ಸಿಸರು ತಮ್ಮ 'ಲಾವ್ದಾತೋ ಸಿ' ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆಯೆಂದರು. ಆ ಮನೆಯ ಒಂದು ಕೋಣೆಗೆ ನೀರು ನುಗ್ಗಿರುವಾಗ, ಒಣ ಕೋಣೆಯಲ್ಲಿರುವ ನಾವು ಬಾಗಿಲು ತೆರೆಯುವೆವೋ? ಪ್ರತಿ ಕುಟುಂಬವೂ ಯೋಚಿಸಬೇಕಾದ ಪ್ರಶ್ನೆಯಿದು.