ರೀಫ್ ಟ್ಯಾಂಕಿಗೆ ಊಟ ಹಾಕುವಾಗ ನೀರಿನ ಹರಿವು ಎಷ್ಟಿರಬೇಕು?

ನೀವು ಮೈಸಿಸ್ (ಸಿಗಡಿಯಂಥ ಪುಟ್ಟ ಜೀವಿ) ಹಾಕಿದ್ರಿ. ಮೀನು ಬಾಯಿ ಹಾಕೋ ಮೊದಲೇ ಅರ್ಧ ಊಟ ಓವರ್‌ಫ್ಲೋ ದಾಟಿ ಟ್ಯಾಂಕ್ ಕೆಳಗಿನ ಸಂಪ್‌ಗೆ ಹೋಯ್ತು. ಅಲ್ಲಿ ಫಿಲ್ಟರ್ ಬಟ್ಟೆಗೆ ಸಿಕ್ಕಿ ಕೊಳೆತು ನೈಟ್ರೇಟ್, ಫಾಸ್ಫೇಟ್ ಏರಿಸುತ್ತೆ.

ಅದಕ್ಕೇ ಮೊದಲು ಸಂಪ್‌ನಿಂದ ನೀರು ಮೇಲೆತ್ತೋ ರಿಟರ್ನ್ ಪಂಪ್ ನಿಲ್ಲಿಸಿ. ನಿಲ್ಲಿಸಿದ ಕೂಡಲೇ ಮೇಲಿನ ನೀರು ಸ್ವಲ್ಪ ಸಂಪ್‌ಗೆ ಇಳಿಯುತ್ತೆ. ಅಷ್ಟಕ್ಕೆ ಅಲ್ಲಿ ಜಾಗ ಇದೆಯಾ ಅಂತ ಮುಂಚೆಯೇ ನೋಡ್ಕೊಳ್ಳಿ. ಟ್ಯಾಂಕ್ ಒಳಗಿನ ವೇವ್‌ಮೇಕರ್ ಮಾತ್ರ ಪೂರ್ತಿ ಆರಿಸ್ಬೇಡಿ, ಕಡಿಮೆ ಮಾಡಿ ಸಾಕು. ಊಟ ತೇಲ್ತಾ ಸುತ್ತಿದ್ರೆ ಅಂಜುಬುರುಕ ಮೀನಿಗೂ ಸಿಗುತ್ತೆ.

ಹವಳಕ್ಕೆ ಕೈಯಾರೆ ತಿನ್ನಿಸೋದಾದ್ರೆ ಲೆಕ್ಕವೇ ಬೇರೆ. ಸನ್ ಕೋರಲ್ ಬೆಳಕಿನಿಂದ ಆಹಾರ ಮಾಡ್ಕೊಳ್ಳಲ್ಲ, ನೀವು ಕೊಟ್ಟಿದ್ದೇ ಗತಿ. ಆಗ ಎಲ್ಲ ಹರಿವೂ ನಿಲ್ಲಲಿ. ಅರಳಿದ ಒಂದೊಂದು ಹಳದಿ ಪಾಲಿಪ್ ಮೇಲೆ ಪಿಪೆಟ್‌ನಿಂದ ಮೆಲ್ಲಗೆ ಬಿಡಿ. ಎಳೆಗಳು ಮಡಚಿ ತುಣುಕನ್ನ ಬಾಯಿಗೆ ತಳ್ಳೋದು ನೋಡಿ, ಎಷ್ಟು ಚೆಂದ! ಪಕ್ಕದಲ್ಲೇ ಕ್ಲೀನರ್ ಸಿಗಡಿ ಹೊಂಚು ಹಾಕಿರುತ್ತೆ, ಬಾಯಿಂದಲೇ ಕಿತ್ಕೊಂಡು ಹೋಗುತ್ತೆ. ಅದಕ್ಕೆ ಮೊದಲೇ ಒಂದು ತುಣುಕು ಕೊಟ್ಬಿಡಿ.

10–15 ನಿಮಿಷ ಸಾಕು. ಹರಿವು ತುಂಬ ಹೊತ್ತು ನಿಂತ್ರೆ ನೀರಲ್ಲಿ ಆಮ್ಲಜನಕ ಇಳಿಯುತ್ತೆ. ಪಂಪಿನಲ್ಲಿ ಫೀಡ್ ಮೋಡ್ ಇದ್ರೆ ಅದನ್ನೇ ಒತ್ತಿ, ತಾನಾಗೇ ಮತ್ತೆ ಶುರುವಾಗುತ್ತೆ. ಇಲ್ಲಾಂದ್ರೆ ಆಫ್ ಮಾಡೋ ಮೊದಲೇ ಫೋನಲ್ಲಿ ಅಲಾರಂ ಇಡಿ.